ಊರಿಗೆ ಹೋಗಿ ಮರಳಿದ ಮೇಲೆ ಬರುವ ಜ್ವರ: ಡೆಂಗಿಯನ್ನು ಗುರುತಿಸುವ ಮತ್ತು ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಯುರೋಪಿನಲ್ಲೂ ಅಮೆರಿಕದಲ್ಲೂ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಕರ್ನಾಟಕದಲ್ಲಿ ಡೆಂಗಿ ಏರುವುದೂ ಅದೇ ತಿಂಗಳುಗಳಲ್ಲಿ. ಹೊರದೇಶದಲ್ಲಿ ನೆಲೆಸಿದ ಕನ್ನಡಿಗರು ಅಜ್ಜಿಮನೆಗೆ ಬಂದು ಮೂರು ವಾರ ಇದ್ದು ಮರಳುವುದು ಹೀಗೆ ಸೊಳ್ಳೆಯ ಕಾಲದಲ್ಲೇ ಆಗುತ್ತದೆ. ಅಲ್ಲಿಗೆ ಮುಟ್ಟಿದ ಐದಾರು ದಿನಕ್ಕೆ ಜ್ವರ ಬಂದರೆ, ನೋಡುವ ವೈದ್ಯರು ತಮ್ಮ ವೃತ್ತಿಯಲ್ಲಿ ಡೆಂಗಿಯ ರೋಗಿಯನ್ನು ಒಮ್ಮೆಯೂ ಕಂಡಿರದೆ ಇರಬಹುದು. ಅವರದು ತಪ್ಪಲ್ಲ, ಆದರೆ ರೋಗಿಯ ಕಡೆಯವರು ಸ್ವಲ್ಪ ತಿಳಿದಿರಬೇಕಾಗುತ್ತದೆ. ಡೆಂಗಿ, ಡೆಂಗ್ಯೂ, ಡೆಂಘೀ ಎಂದು ನಾವು ಮೂರು ಬಗೆಯಲ್ಲಿ ಬರೆಯುವ ಈ ಜ್ವರಕ್ಕೆ ವೈರಾಣುವನ್ನೇ ಕೊಲ್ಲುವ ಔಷಧವಿಲ್ಲ. ಆದರೂ ಸರಿಯಾದ ದಿನ ಸರಿಯಾದುದನ್ನು ಗಮನಿಸಿ, ದ್ರವವನ್ನು ಹದವಾಗಿ ಕೊಟ್ಟರೆ ಬಹುತೇಕ ಎಲ್ಲರೂ ಉಳಿಯುತ್ತಾರೆ. ಆದ್ದರಿಂದ ಈ ಬರಹದ ಉದ್ದಕ್ಕೂ ದಿನಗಳ ಲೆಕ್ಕವೇ ಮುಖ್ಯವಾಗಿ ಬರುತ್ತದೆ.

ಇದು ವೈದ್ಯರ ಬದಲಿಗೆ ಬಳಸುವ ಬರಹವಲ್ಲ. ವೈದ್ಯರ ಬಳಿಗೆ ಯಾವಾಗ ಹೋಗಬೇಕು, ಹೋದಾಗ ಏನು ಹೇಳಬೇಕು, ಅವರು ಮಾಡುವುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದಕ್ಕಾಗಿ ಬರೆದದ್ದು.

ಮೊದಲ ಹೆಜ್ಜೆ: ಎರಡು ದಿನಾಂಕ ಬರೆದುಕೊಳ್ಳಿ

ಜ್ವರ ಕಂಡ ಕೂಡಲೇ ಒಂದು ಹಾಳೆಯ ಮೇಲೆ ಎರಡು ದಿನಾಂಕಗಳನ್ನು ಬರೆಯಿರಿ. ಒಂದು, ಡೆಂಗಿ ಇರುವ ಊರನ್ನು ಬಿಟ್ಟ ದಿನ. ಇನ್ನೊಂದು, ಮೈ ಮೊದಲು ಬಿಸಿಯಾದ ದಿನ, ಸಾಧ್ಯವಾದರೆ ಗಂಟೆಯ ಸಮೇತ.

ಸೊಳ್ಳೆ ಕಚ್ಚಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ 5ರಿಂದ 7 ದಿನ ಬೇಕು. ಕನಿಷ್ಠ 3 ದಿನ, ಗರಿಷ್ಠ 14 ದಿನ. ಆಗಸ್ಟ್ 20ರಂದು ಬೆಂಗಳೂರಿನಿಂದ ವಿಮಾನ ಹತ್ತಿದವರಿಗೆ 26ರಂದು ಜ್ವರ ಬಂದರೆ ಲೆಕ್ಕ ಡೆಂಗಿಗೆ ಚೆನ್ನಾಗಿ ಹೊಂದುತ್ತದೆ. ಅದೇ ವ್ಯಕ್ತಿಗೆ ಸೆಪ್ಟೆಂಬರ್ 10ರಂದು ಜ್ವರ ಶುರುವಾದರೆ ಊರು ಬಿಟ್ಟು 21 ದಿನವಾಗಿರುತ್ತದೆ. ಆಗ ಆ ಪ್ರಯಾಣದ ಡೆಂಗಿಯನ್ನು ಬಹುಮಟ್ಟಿಗೆ ಪಕ್ಕಕ್ಕಿಟ್ಟು ಮಲೇರಿಯಾ, ಟೈಫಾಯ್ಡ್‌ಗಳನ್ನು ಹುಡುಕಬೇಕು. ದಾರಿಯಲ್ಲಿ ಬ್ಯಾಂಕಾಕ್ ಅಥವಾ ಕೊಲಂಬೊದಲ್ಲಿ ಎರಡು ದಿನ ತಂಗಿದ್ದರೆ ಲೆಕ್ಕ ಅಲ್ಲಿಂದ ಶುರುವಾಗಬೇಕೆಂಬುದನ್ನು ಮರೆಯಬಾರದು.

ಎದುರು ದಿಕ್ಕಿನ ಪ್ರಯಾಣಕ್ಕೆ ಈ ಲೆಕ್ಕ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಬಾಲಿಗೋ ಫುಕೆಟ್‌ಗೋ ಹೋಗಿ ಬೆಂಗಳೂರಿಗೆ ಮರಳಿದವರಿಗೆ ಇಪ್ಪತ್ತನೆಯ ದಿನ ಜ್ವರ ಬಂದರೂ ಡೆಂಗಿ ಅಲ್ಲವೆನ್ನಲಾಗದು, ಏಕೆಂದರೆ ಅದು ತಮ್ಮದೇ ಬಾಲ್ಕನಿಯ ಹೂಕುಂಡದ ತಟ್ಟೆಯಿಂದ ಬಂದಿರಬಹುದು. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಅವಕಾಶ ಕೊಡುವ ಮನೆ, ಅಂಗಡಿಗಳಿಗೆ ದಂಡ ವಿಧಿಸಲು ಹೊರಟದ್ದು ಈ ಕಾರಣಕ್ಕೇ.

ಪ್ರಯಾಣ ಎಲ್ಲಿಗೆ ಎಂಬುದೂ ಮುಖ್ಯ. ಆಗ್ನೇಯ ಏಷ್ಯಾದಿಂದ ಜ್ವರ ಹೊತ್ತು ಬರುವವರಲ್ಲಿ ಡೆಂಗಿ ಮುಂದಿರುತ್ತದೆ. ಸಹಾರಾದ ದಕ್ಷಿಣದ ಆಫ್ರಿಕಾದಿಂದ ಬಂದವರಲ್ಲಿ ಮಲೇರಿಯಾ ಮುಂದಿರುತ್ತದೆ. 2024ರಲ್ಲಿ ಜಗತ್ತಿನಲ್ಲಿ 1.4 ಕೋಟಿಗೂ ಹೆಚ್ಚು ಡೆಂಗಿ ಪ್ರಕರಣಗಳು ವರದಿಯಾಗಿದ್ದು, ಅವುಗಳಲ್ಲಿ ಬಹುಪಾಲು ಬ್ರೆಜಿಲ್ ಮತ್ತು ಅದರ ನೆರೆಯ ದೇಶಗಳಲ್ಲಿದ್ದವು. ಹಾಗಾಗಿ ಕೆಲಸದ ಮೇಲೆ ಸಾವೊ ಪಾಲೊಗೆ ಹೋಗಿ ಬಂದವರೂ ಈ ಲೆಕ್ಕದೊಳಗೇ ಬರುತ್ತಾರೆ.

ಎರಡನೆಯ ಹೆಜ್ಜೆ: ಲಕ್ಷಣಗಳನ್ನು ಓದುವುದು

ಡೆಂಗಿ ಮೆಲ್ಲಗೆ ಬರುವ ಜ್ವರವಲ್ಲ. ಮಧ್ಯಾಹ್ನ ಊಟ ಮಾಡಿ ಎದ್ದವರಿಗೆ ಸಂಜೆಯ ಹೊತ್ತಿಗೆ 102, 103 ಡಿಗ್ರಿ ಏರಿರುತ್ತದೆ. ತಲೆನೋವು, ಕಣ್ಣುಗುಡ್ಡೆಯ ಹಿಂದೆ ನೋವು, ಸೊಂಟ ಮತ್ತು ಕೈಕಾಲುಗಳಲ್ಲಿ ಮೂಳೆ ಮುರಿದಂಥ ನೋವು, ವಾಕರಿಕೆ, ಬಾಯಿರುಚಿ ಕೆಡುವುದು ಇವು ಜೊತೆಗಿರುತ್ತವೆ. ಮೊದಲ ಎರಡು ದಿನ ಮುಖ, ಕತ್ತು ಕೆಂಪಗೆ ಕಾಣಬಹುದು. ನಮ್ಮ ಮೈಬಣ್ಣದಲ್ಲಿ ಇದು ಸುಲಭವಾಗಿ ಗೋಚರಿಸದು. ಎದೆಯ ಮೇಲೆ ಅಂಗೈ ಒತ್ತಿ ತೆಗೆದಾಗ ಬೆರಳಿನ ಗುರುತು ಬೇರೆಯಾಗಿ ಉಳಿಯುತ್ತದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಬೇಕು. ನೆಗಡಿ, ಸುರಿಯುವ ಮೂಗು ಜೋರಾಗಿದ್ದರೆ ಫ್ಲೂ ಅಥವಾ ಕೋವಿಡ್‌ನ ಸಾಧ್ಯತೆ ಹೆಚ್ಚು. ಮಕ್ಕಳಲ್ಲಿ ಮಾತ್ರ ಈ ಭೇದ ಅಷ್ಟು ನಂಬಿಕೆಗೆ ಅರ್ಹವಲ್ಲ.

ಕೈಯಿಂದ ಒತ್ತುವ ಹಳೆಯ ಬಿ.ಪಿ. ಯಂತ್ರವಿದ್ದಲ್ಲಿ ಒಂದು ಸರಳ ಪರೀಕ್ಷೆ ಮಾಡಬಹುದು. ರಕ್ತದೊತ್ತಡ 120/80 ಇದೆ ಎಂದುಕೊಳ್ಳಿ. ಎರಡರ ನಡುವಿನ ಅಂಕೆ 100. ತೋಳಿಗೆ ಪಟ್ಟಿ ಸುತ್ತಿ, ಪಾದರಸವನ್ನು 100ಕ್ಕೆ ಏರಿಸಿ ಐದು ನಿಮಿಷ ಹಾಗೆಯೇ ಹಿಡಿಯಬೇಕು. ಪಟ್ಟಿ ಬಿಚ್ಚಿ ಎರಡು ನಿಮಿಷ ಕಾದು, ಮೊಣಕೈ ಮಡಿಕೆಯ ಕೆಳಗೆ ಎರಡೂವರೆ ಸೆಂಟಿಮೀಟರಿನ ಒಂದು ಚೌಕದೊಳಗೆ ಎಷ್ಟು ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳೆದ್ದಿವೆ ಎಂದು ಎಣಿಸಬೇಕು. ಹತ್ತು ಅಥವಾ ಹೆಚ್ಚು ಕಂಡರೆ ಡೆಂಗಿಯ ಶಂಕೆ ಬಲವಾಗುತ್ತದೆ. ಚುಕ್ಕೆ ಏಳದಿದ್ದ ಮಾತ್ರಕ್ಕೆ ಡೆಂಗಿ ಇಲ್ಲವೆಂದು ಹೇಳಲಾಗದು. ಮನೆಯಲ್ಲಿರುವ ಗುಂಡಿ ಒತ್ತುವ ಯಂತ್ರ ಒತ್ತಡವನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವುದಿಲ್ಲವಾದ್ದರಿಂದ ಇದಕ್ಕೆ ಬಾರದು. ಆದರೆ ಅದನ್ನು ಕಪಾಟಿಗೆ ಸೇರಿಸಬೇಡಿ, ಮುಂದೆ ಬೇಕಾಗುತ್ತದೆ.

ಡೆಂಗಿಯಂತೆಯೇ ಕಾಣುವ ಬೇರೆ ಜ್ವರಗಳು

ಬಿಸಿ ನಾಡಿನಿಂದ ಬಂದವರ ಯಾವುದೇ ಜ್ವರದಲ್ಲಿ ಮೊದಲು ತಳ್ಳಿಹಾಕಬೇಕಾದದ್ದು ಮಲೇರಿಯಾ. ಅದಕ್ಕೆ ಔಷಧವಿದೆ, ತಡಮಾಡಿದರೆ ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಗಾಜಿನ ಮೇಲೆ ರಕ್ತ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತಲೇಪನದಲ್ಲಿ ಒಮ್ಮೆ ಕಾಣಲಿಲ್ಲವೆಂದರೆ ಮುಗಿಯಿತು ಎಂದಲ್ಲ. ಶಂಕೆಯಿದ್ದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳ ಅಂತರದಲ್ಲಿ ಮೂರು ಬಾರಿ ನೋಡಬೇಕು. ಡೆಂಗಿ ಪರೀಕ್ಷೆ ಪಾಸಿಟಿವ್ ಬಂದರೂ ಮಲೇರಿಯಾ ಪರೀಕ್ಷೆ ಬಿಡಬಾರದು, ಎರಡೂ ಒಟ್ಟಿಗೆ ಇರಬಲ್ಲವು.

ಚಿಕುನ್‌ಗುನ್ಯಾವನ್ನು ತರುವುದೂ ಅದೇ ಈಡಿಸ್ ಸೊಳ್ಳೆ. ಅದರಲ್ಲಿ ಕೀಲುಗಳು ಊದಿಕೊಂಡು ಬೆಳಿಗ್ಗೆ ಬೆರಳು ಮಡಚಲಾಗದ ಸ್ಥಿತಿ ಮುಂದೆ ಬರುತ್ತದೆ. ಟೈಫಾಯ್ಡ್ ಜ್ವರ ದಿನದಿಂದ ದಿನಕ್ಕೆ ಮೆಟ್ಟಿಲೇರಿದಂತೆ ಏರುತ್ತದೆ, ಏಳು ದಿನ ದಾಟಿದರೂ ಬಿಡುವುದಿಲ್ಲ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲದಲ್ಲಿ ಗದ್ದೆಗೆ, ತೋಟಕ್ಕೆ ಬರಿಗಾಲಲ್ಲಿ ಇಳಿದಿದ್ದರೆ ಇಲಿಜ್ವರವನ್ನು ನೆನೆಯಬೇಕು. ಮೀನಖಂಡದಲ್ಲಿ ತೀವ್ರ ನೋವು, ಕೆಂಪು ಕಣ್ಣು ಅದರ ಸುಳಿವುಗಳು. ಕಂಕುಳಲ್ಲೋ ತೊಡೆಸಂದಿಯಲ್ಲೋ ಸಿಗರೇಟು ಸುಟ್ಟಂಥ ಕಪ್ಪು ಕಲೆಯಿದ್ದರೆ ಅದು ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್. ಇವೆರಡೂ ಸಾಮಾನ್ಯ ಆ್ಯಂಟಿಬಯಾಟಿಕ್‌ಗಳಿಂದ ಗುಣವಾಗುವುದರಿಂದ, ಡೆಂಗಿ ಎಂದು ಕೈಕಟ್ಟಿ ಕೂರುವುದು ದುಬಾರಿಯಾಗುತ್ತದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಡಿಸೆಂಬರ್‌ನಿಂದ ಮೇವರೆಗಿನ ಒಣಗಾಲದಲ್ಲಿ ತೀರ್ಥಹಳ್ಳಿ, ಸಾಗರ, ಸಿದ್ದಾಪುರದ ಕಡೆ ಕಾಡಂಚಿನ ಮನೆಗೆ ಹೋಗಿ ಬಂದವರ ಜ್ವರದಲ್ಲಿ ಬಿಳಿರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿದಿದ್ದರೆ ಅದು ಮಂಗನ ಕಾಯಿಲೆಯೂ ಆಗಿರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣ್ಣೆ ಹುಳುವಿನಿಂದ ಹರಡುವ ಈ ಜ್ವರದ ಹೆಸರನ್ನು ಹೊರದೇಶದ ವೈದ್ಯರು ಕೇಳಿರುವ ಸಂಭವ ಕಡಿಮೆ. ಕಾಡಿಗೆ ಹೋಗಿದ್ದನ್ನೂ ಉಣ್ಣೆ ಕಚ್ಚಿದ್ದನ್ನೂ ನೀವೇ ಹೇಳಬೇಕು.

ಮೂರನೆಯ ಹೆಜ್ಜೆ: ಯಾವ ದಿನ ಯಾವ ಪರೀಕ್ಷೆ

ಜ್ವರ ಬಂದ ದಿನವನ್ನು ಒಂದನೆಯ ದಿನವೆಂದು ಎಣಿಸಿ. ಒಂದರಿಂದ ಐದನೆಯ ದಿನದವರೆಗೆ ರಕ್ತದಲ್ಲಿ ವೈರಾಣುವೇ ಇರುವುದರಿಂದ ಅದರ ಪ್ರೋಟೀನನ್ನು ಹುಡುಕುವ ಎನ್‌ಎಸ್‌1 ಪರೀಕ್ಷೆ ಅಥವಾ ಅದರ ಜೀನುಗಳನ್ನು ಹುಡುಕುವ ಪಿಸಿಆರ್ ಪ್ರಯೋಜನಕ್ಕೆ ಬರುತ್ತದೆ. ಏಳನೆಯ ದಿನದವರೆಗೂ ಮಾಡಬಹುದು, ಆದರೆ ಹಿಡಿಯುವ ಸಾಮರ್ಥ್ಯ ಇಳಿಯುತ್ತ ಹೋಗುತ್ತದೆ. ಸೋಂಕನ್ನು ಎದುರಿಸಲು ದೇಹ ತಯಾರಿಸುವ ಐಜಿಎಂ ಪ್ರತಿಕಾಯ ಕಾಣಿಸಿಕೊಳ್ಳುವುದು ನಾಲ್ಕೈದನೆಯ ದಿನದಿಂದ. ಎರಡನೆಯ ದಿನ ಐಜಿಎಂ ಮಾತ್ರ ಮಾಡಿಸಿ "ಡೆಂಗಿ ಇಲ್ಲ" ಎಂದು ಸಮಾಧಾನಪಟ್ಟುಕೊಳ್ಳುವುದು ನಾನು ಮತ್ತೆ ಮತ್ತೆ ಕಂಡ ತಪ್ಪು.

ಕರ್ನಾಟಕದಲ್ಲಿ ಹುಟ್ಟಿ ಬೆಳೆದು ಹೊರದೇಶಕ್ಕೆ ಹೋದವರ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಡೆಂಗಿ ವೈರಾಣುವಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯ ಸೋಂಕಿನಿಂದ ಆ ಬಗೆಗೆ ಮಾತ್ರ ದೀರ್ಘಕಾಲದ ರಕ್ಷಣೆ ಸಿಗುತ್ತದೆ. ಬಾಲ್ಯದಲ್ಲಿ ಬಂದುಹೋದ "ವೈರಲ್ ಜ್ವರ"ಗಳಲ್ಲಿ ಒಂದು ಡೆಂಗಿಯೇ ಆಗಿರುವ ಸಾಧ್ಯತೆ ಸಾಕಷ್ಟಿದೆ. ಹಾಗಿದ್ದರೆ ಈಗ ಬಂದದ್ದು ಎರಡನೆಯ ಸೋಂಕು. ಬೇರೆ ಬಗೆಯ ವೈರಾಣುವಿನ ಎರಡನೆಯ ಸೋಂಕಿನಲ್ಲಿ ತೀವ್ರ ಡೆಂಗಿಯ ಅಪಾಯ ಹೆಚ್ಚು, ಎನ್‌ಎಸ್‌1 ಬೇಗ ಮಾಯವಾಗುತ್ತದೆ, ಐಜಿಎಂ ಕೂಡ ಮಂದವಾಗಿ ಏಳುತ್ತದೆ. ಹೊರದೇಶದಲ್ಲೇ ಹುಟ್ಟಿದ ಮಕ್ಕಳಿಗಿಂತ ತಂದೆತಾಯಿಗೇ ಕಾಯಿಲೆ ಬಿರುಸಾಗುವುದಕ್ಕೆ ಇದೊಂದು ಕಾರಣವಾಗಬಹುದು. ಹಸುಗೂಸುಗಳ ಸ್ಥಿತಿ ಇನ್ನೊಂದು ಬಗೆಯದು: ತಾಯಿಗೆ ಹಿಂದೆ ಡೆಂಗಿ ಆಗಿದ್ದರೆ ಅವಳಿಂದ ಬಂದ ಪ್ರತಿಕಾಯಗಳು ಕ್ಷೀಣಿಸುವ ಸುಮಾರು 4ರಿಂದ 12 ತಿಂಗಳ ವಯಸ್ಸಿನಲ್ಲಿ ಮೊದಲ ಸೋಂಕೇ ತೀವ್ರವಾಗಬಲ್ಲದು. ಅನ್ನಪ್ರಾಶನಕ್ಕೆಂದು ಕೂಸನ್ನು ಊರಿಗೆ ಕರೆತರುವವರು ಇದನ್ನು ತಿಳಿದಿರಬೇಕು.

ಜಪಾನೀಸ್ ಎನ್‌ಸೆಫಲೈಟಿಸ್ ಅಥವಾ ಹಳದಿ ಜ್ವರದ ಲಸಿಕೆ ಪಡೆದಿದ್ದರೂ, ಝೀಕಾ ಸೋಂಕಾಗಿದ್ದರೂ ಪ್ರತಿಕಾಯ ಪರೀಕ್ಷೆ ದಾರಿತಪ್ಪಿಸಬಹುದು. ಪಡೆದ ಲಸಿಕೆಗಳ ಪಟ್ಟಿ ಕೈಯಲ್ಲಿರಲಿ.

ಇಷ್ಟೆಲ್ಲ ಹೇಳಿದರೂ, ಡೆಂಗಿಯ ಹೆಸರಿನ ಪರೀಕ್ಷೆಗಿಂತ ಹೆಚ್ಚು ಕೆಲಸಕ್ಕೆ ಬರುವುದು ಎಲ್ಲ ಆಸ್ಪತ್ರೆಗಳಲ್ಲೂ ಆಗುವ, ರಕ್ತಕಣಗಳನ್ನು ಎಣಿಸುವ ಸಾದಾ ಸಿಬಿಸಿ ಪರೀಕ್ಷೆ. ಬಿಳಿರಕ್ತಕಣಗಳು ಮೊದಲು ಇಳಿಯುತ್ತವೆ, 5,000ದ ಕೆಳಗೆ. ಆಮೇಲೆ ಪ್ಲೇಟ್‌ಲೆಟ್ ಇಳಿಯುತ್ತದೆ. ಮೂರನೆಯದು ಹಿಮಟೋಕ್ರಿಟ್, ನಮ್ಮ ಲ್ಯಾಬುಗಳ ವರದಿಯಲ್ಲಿ ಪಿಸಿವಿ ಎಂದು ಅಚ್ಚಾಗಿರುವ ಅಂಕೆ. ನೂರು ಪಾಲು ರಕ್ತದಲ್ಲಿ ಕೆಂಪುಕಣಗಳು ಎಷ್ಟು ಪಾಲು ಎಂದು ಅದು ಹೇಳುತ್ತದೆ. ಮೊದಲ ಮೂರು ದಿನಗಳೊಳಗೆ ಒಮ್ಮೆ ಸಿಬಿಸಿ ಮಾಡಿಸಿ ಈ ಅಂಕೆಯನ್ನು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಹೋಲಿಸಲು ನಿಮ್ಮದೇ ಅಂಕೆ ಬೇಕು. ಬ್ರಿಟನ್ನಿನಲ್ಲಿ ಡೆಂಗಿ ಖಚಿತಪಡಿಸುವ ಮಾದರಿ ಪೋರ್ಟನ್ ಡೌನ್‌ನಲ್ಲಿರುವ ವಿಶೇಷ ಪ್ರಯೋಗಾಲಯಕ್ಕೆ ಹೋಗಿ ಫಲಿತಾಂಶ ಬರಲು ದಿನಗಳು ಬೇಕಾಗಬಹುದು. ಅಷ್ಟರಲ್ಲಿ ಅಪಾಯದ ಘಟ್ಟ ಬಂದು ಹೋಗಿರುತ್ತದೆ. ಆದ್ದರಿಂದ ಶಂಕೆಯಿದ್ದರೆ ಡೆಂಗಿ ಎಂದೇ ಭಾವಿಸಿ ಆರೈಕೆ ಶುರುಮಾಡುವುದು ಸರಿಯಾದ ಕ್ರಮ.

ವೈದ್ಯರಿಗೆ ಹೇಳಬೇಕಾದ ಮೊದಲ ವಾಕ್ಯ

"ನಾನು ಭಾರತದಿಂದ ಇಂಥ ದಿನ ಮರಳಿದೆ, ಇಂಥ ದಿನ ಜ್ವರ ಶುರುವಾಯಿತು, ಮಲೇರಿಯಾ ಮತ್ತು ಡೆಂಗಿಯ ಬಗ್ಗೆ ನನಗೆ ಚಿಂತೆಯಿದೆ." ಫೋನ್ ಎತ್ತಿದವರಿಗೆ ಇದನ್ನು ಮೊದಲೇ ಹೇಳಬೇಕು. ತಲೆನೋವು, ಮೈಕೈನೋವು ಎಂದು ಶುರುಮಾಡಿದರೆ "ಮೂರು ದಿನ ನೋಡಿ, ಕಡಿಮೆಯಾಗದಿದ್ದರೆ ಬನ್ನಿ" ಎಂಬ ಉತ್ತರ ಬರುವುದು ಖಚಿತ. ಬ್ರಿಟನ್ನಿನ ವೈದ್ಯರಿಗೆ ಇಂಥ ಜ್ವರಗಳ ಬಗ್ಗೆ ಹಗಲೂ ರಾತ್ರಿ ತಜ್ಞರ ಸಲಹೆ ಕೊಡುವ ಇಂಪೋರ್ಟೆಡ್ ಫೀವರ್ ಸರ್ವಿಸ್ ಎಂಬ ವ್ಯವಸ್ಥೆಯಿದೆ ಎಂಬುದನ್ನು ವಿನಯದಿಂದ ನೆನಪಿಸಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ.

ನಾಲ್ಕನೆಯ ಹೆಜ್ಜೆ: ಮನೆಯ ಆರೈಕೆ

ಎಲ್ಲರನ್ನೂ ಮನೆಯಲ್ಲಿ ನೋಡಿಕೊಳ್ಳಬಾರದು. ಗರ್ಭಿಣಿಯರು, ಹಸುಗೂಸುಗಳು, ವೃದ್ಧರು, ಸಕ್ಕರೆ ಕಾಯಿಲೆ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು, ಬಹಳ ಸ್ಥೂಲಕಾಯದವರು ಆಸ್ಪತ್ರೆಯ ನಿಗಾದಲ್ಲಿರುವುದು ಲೇಸು. ಈ ಪಟ್ಟಿಯಲ್ಲಿ ನಾವು ಮರೆಯುವ ಒಬ್ಬರಿದ್ದಾರೆ: ಒಂಟಿಯಾಗಿರುವವರು. ಡಬ್ಲಿನ್ನಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಮಲಗಿರುವ ವಿದ್ಯಾರ್ಥಿಗೆ ತನ್ನ ಮಂಪರು ತನಗೇ ತಿಳಿಯುವುದಿಲ್ಲ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ವಯಸ್ಕರಿಗೆ ಒಮ್ಮೆಗೆ 500ರಿಂದ 1,000 ಮಿಲಿಗ್ರಾಂ, ಆರು ಗಂಟೆಯ ಅಂತರದಲ್ಲಿ, ದಿನಕ್ಕೆ 4 ಗ್ರಾಂ ಮೀರದಂತೆ. ಡೆಂಗಿಯಲ್ಲಿ ಯಕೃತ್ತಿಗೂ ಏಟು ಬೀಳುವುದರಿಂದ 3 ಗ್ರಾಂ ಒಳಗೇ ನಿಲ್ಲಿಸುವುದು ಜಾಣತನ. ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ನೆಗಡಿಯ ಮಾತ್ರೆ, ಪುಡಿಗಳಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಲೆಕ್ಕಕ್ಕೆ ಸೇರಿಸಿ. ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೊಫೆನಾಕ್ ಬೇಡವೇ ಬೇಡ. ಅವು ಹೊಟ್ಟೆಯಲ್ಲಿ ರಕ್ತಸ್ರಾವ ತರುತ್ತವೆ. ಊರಿನಲ್ಲೇ ಜ್ವರ ಶುರುವಾದರೆ "ಒಂದು ಇಂಜೆಕ್ಷನ್ ಹಾಕಿಬಿಡಿ, ನಾಳೆ ಫ್ಲೈಟ್ ಇದೆ" ಎಂದು ಒತ್ತಾಯಿಸುವವರಿದ್ದಾರೆ. ಸೊಂಟಕ್ಕೆ ಚುಚ್ಚುವ ಆ ಇಂಜೆಕ್ಷನ್ ಬಹಳ ಸಲ ಡೈಕ್ಲೊಫೆನಾಕೇ, ಮೇಲಾಗಿ ಪ್ಲೇಟ್‌ಲೆಟ್ ಇಳಿದಿರುವಾಗ ಸ್ನಾಯುವಿನೊಳಗೆ ರಕ್ತ ಸೋರಿ ಗಂಟುಕಟ್ಟಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ಮಾತ್ರ ತಾವಾಗಿ ನಿಲ್ಲಿಸದೆ ಅದೇ ದಿನ ವೈದ್ಯರನ್ನು ಕೇಳಬೇಕು. ಆ್ಯಂಟಿಬಯಾಟಿಕ್‌ಗೂ ಸ್ಟೀರಾಯ್ಡ್‌ಗೂ ಡೆಂಗಿಯಲ್ಲಿ ಕೆಲಸವಿಲ್ಲ.

ಇನ್ನುಳಿದದ್ದು ದ್ರವ. ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್. 20 ಕಿಲೋ ತೂಗುವ ಮಗುವಿಗೆ ಸುಮಾರು ಒಂದೂವರೆ ಲೀಟರ್. ಬರಿಯ ನೀರು ಸಾಲದು, ಉಪ್ಪು ಸಕ್ಕರೆ ಎರಡೂ ಬೇಕು. ಓಆರ್‌ಎಸ್, ಉಪ್ಪು ಹಾಕಿದ ಗಂಜಿತಿಳಿ, ನೀರು ಮಜ್ಜಿಗೆ, ತೆಳು ರಾಗಿ ಅಂಬಲಿ, ಸಿಕ್ಕರೆ ಎಳನೀರು ಇವೆಲ್ಲ ಸರಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು, ಅಂದಾಜಿನ ಮೇಲೆ ಅಲ್ಲ. ಸಿಹಿ ಹಣ್ಣಿನ ಪಾನೀಯದ ಡಬ್ಬಿ ಓಆರ್‌ಎಸ್ ಅಲ್ಲ. ಬೀಟ್‌ರೂಟ್, ದಾಳಿಂಬೆ ರಸ, ಕಾಫಿ ಈ ವಾರ ಬೇಡ. ವಾಂತಿಯಾದರೆ ಅದು ರಕ್ತವೋ ರಸವೋ ಎಂದು ಮಧ್ಯರಾತ್ರಿಯಲ್ಲಿ ತಲೆಕೆಡಿಸಿಕೊಳ್ಳಬೇಕಾಗುತ್ತದೆ. ವಾಕರಿಕೆಯಿದ್ದರೆ ಲೋಟಗಟ್ಟಲೆ ಕುಡಿಸದೆ ಐದು ನಿಮಿಷಕ್ಕೊಮ್ಮೆ ಎರಡು ಚಮಚ ಕೊಡಿ.

ಪಪ್ಪಾಯಿ ಎಲೆಯ ರಸದ ಪ್ರಶ್ನೆ ಬಂದೇ ಬರುತ್ತದೆ. ಪ್ಲೇಟ್‌ಲೆಟ್ ತುಸು ಬೇಗ ಏರುತ್ತದೆಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಆದರೆ ಡೆಂಗಿಯಲ್ಲಿ ಕೊಲ್ಲುವುದು ಮುಖ್ಯವಾಗಿ ರಕ್ತನಾಳದಿಂದ ಆಗುವ ಸೋರಿಕೆ, ಅದನ್ನು ಈ ರಸ ತಡೆಯುತ್ತದೆಂದು ಯಾರೂ ತೋರಿಸಿಲ್ಲ. ಬೇವಿಗಿಂತ ಕಹಿಯಾದ ಅದನ್ನು ಕುಡಿದು, ಅರ್ಧ ದಿನ ಕಷ್ಟಪಟ್ಟು ಒಳಗಿಳಿಸಿದ ಗಂಜಿಯನ್ನೂ ಕಕ್ಕಿದ ರೋಗಿಗಳನ್ನು ನೋಡಿದ ಮೇಲೆ ನಾನಂತೂ ಬೇಡವೆನ್ನುತ್ತೇನೆ.

ಮಗನಿಗೆ ಡೆಂಗಿ ಬಂದಾಗ ಒಬ್ಬ ತಾಯಿ ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ನಾಲ್ಕು ಗೀಟು ಎಳೆದು ಇಟ್ಟಿದ್ದ ಲೆಕ್ಕ ನನಗೆ ಇನ್ನೂ ನೆನಪಿದೆ. ಗಂಟೆ, ಜ್ವರ, ಕುಡಿದದ್ದು, ಉಚ್ಚೆ. "6.10, 102.4, ಗಂಜಿ 150, ಇಲ್ಲ. 8.00, 101, ಓಆರ್‌ಎಸ್ 200, ಹೌದು, ಹಳದಿ." ನಾಲ್ಕನೆಯ ದಿನ ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ ಕೊನೆಯ ಕಾಲಂನಲ್ಲಿ "ಇಲ್ಲ" ಎಂಬುದೇ ಸಾಲಾಗಿ ಬಂದಿತ್ತು. ಜ್ವರದ ಕಾಲಂನಲ್ಲಿ ಮಾತ್ರ 98.6 ಎಂದಿತ್ತು. ಮನೆಯವರೆಲ್ಲ ಜ್ವರ ಬಿಟ್ಟಿತೆಂದು ನಿಟ್ಟುಸಿರುಬಿಟ್ಟಾಗ ಆಕೆ ಆ ಹಾಳೆಯನ್ನು ಹಿಡಿದುಕೊಂಡು ಆಸ್ಪತ್ರೆಗೆ ಬಂದಿದ್ದರು. ಹುಡುಗ ಉಳಿದದ್ದು ಆ ಕಾಲಂನಿಂದ. ನಾಲ್ಕರಿಂದ ಆರು ಗಂಟೆಗೊಮ್ಮೆಯಾದರೂ ಮೂತ್ರ ಹೋಗುತ್ತಿರಬೇಕು ಎಂಬುದೇ ಮನೆಯಲ್ಲಿ ಇಡಬಹುದಾದ ಅತ್ಯುತ್ತಮ ಅಳತೆ.

ಐದನೆಯ ಹೆಜ್ಜೆ: ಜ್ವರ ಇಳಿದ ದಿನ

ಬೇರೆ ಕಾಯಿಲೆಗಳಲ್ಲಿ ಜ್ವರ ಇಳಿಯಿತೆಂದರೆ ಗಂಡಾಂತರ ಕಳೆಯಿತೆಂದು ಅರ್ಥ. ಡೆಂಗಿಯಲ್ಲಿ ಹಾಗಲ್ಲ. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ ಮೈ ತಣ್ಣಗಾಗುತ್ತದೆ. ಬಹುಮಂದಿ ಅಲ್ಲಿಂದ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಅದೇ ಹೊತ್ತಿಗೆ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ, ರಕ್ತದ ನೀರಿನ ಅಂಶವಾದ ಪ್ಲಾಸ್ಮಾ ಎದೆಗೂಡಿಗೂ ಹೊಟ್ಟೆಗೂ ಸೋರಲು ತೊಡಗುತ್ತದೆ. ಈ ಸೋರಿಕೆ ಇರುವುದು 24ರಿಂದ 48 ಗಂಟೆ ಮಾತ್ರ. ಸಾವುಗಳು ಬಹುತೇಕ ಈ ಎರಡು ದಿನಗಳ ಅಲಕ್ಷ್ಯದಿಂದಲೇ ಆಗುತ್ತವೆ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸೂಚನೆಗಳು ಇವು: ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಮುಟ್ಟಿನಲ್ಲಿ ಎಂದಿಲ್ಲದ ಸ್ರಾವ, ಮಂಪರು ಅಥವಾ ಕಾರಣವಿಲ್ಲದ ಚಡಪಡಿಕೆ, ಎದ್ದು ನಿಂತರೆ ತಲೆತಿರುಗುವುದು, ಉಸಿರು ಕಟ್ಟಿದಂತಾಗುವುದು, ತಣ್ಣನೆಯ ಬೆವರಿದ ಅಂಗೈ ಅಂಗಾಲು, ಆರು ಗಂಟೆ ಮೂತ್ರವಿಲ್ಲದಿರುವುದು. ಇವುಗಳಲ್ಲಿ ಒಂದೇ ಸಾಕು, ಎರಡನೆಯದಕ್ಕೆ ಕಾಯಬಾರದು. ಬ್ರಿಟನ್ನಿನಲ್ಲಿ 999, ಯುರೋಪಿನಲ್ಲಿ 112, ಅಮೆರಿಕದಲ್ಲಿ 911.

ಕಪಾಟಿಗೆ ಸೇರಿಸಬೇಡಿ ಎಂದ ಬಿ.ಪಿ. ಯಂತ್ರವನ್ನು ಈಗ ತೆಗೆಯಿರಿ. ಮೇಲಿನ ಅಂಕೆಯಿಂದ ಕೆಳಗಿನದನ್ನು ಕಳೆಯಿರಿ. 120/80 ಇದ್ದರೆ ಅಂತರ 40. ಸೋರಿಕೆ ಶುರುವಾದಾಗ ದೇಹ ರಕ್ತನಾಳಗಳನ್ನು ಬಿಗಿಹಿಡಿದು ಕೆಳಗಿನ ಅಂಕೆಯನ್ನು ಏರಿಸುತ್ತದೆ. ಒತ್ತಡ 100/85 ಎಂದು ತೋರಿಸಿದರೆ ಮೇಲಿನ ಅಂಕೆ ನೋಡಿ "ನಾರ್ಮಲ್" ಎಂದುಕೊಳ್ಳಬಹುದು, ಆದರೆ ಅಂತರ 15ಕ್ಕೆ ಇಳಿದಿದೆ. 20 ಅಥವಾ ಅದಕ್ಕಿಂತ ಕಡಿಮೆಯಾದರೆ ಅದು ಅಂಗಗಳಿಗೆ ರಕ್ತ ಸಾಲದಾಗುವ ಆಘಾತದ (ಶಾಕ್) ಸ್ಥಿತಿ. ವಿಚಿತ್ರವೆಂದರೆ ಈ ಹಂತದಲ್ಲೂ ರೋಗಿ ಎಚ್ಚರವಾಗಿದ್ದು, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸುತ್ತಿರುತ್ತಾರೆ. ಉಗುರನ್ನು ಒತ್ತಿ ಬಿಟ್ಟಾಗ ಬಿಳಿಚಿದ ಬಣ್ಣ ಎರಡು ಸೆಕೆಂಡಿನೊಳಗೆ ಗುಲಾಬಿಗೆ ತಿರುಗದಿದ್ದರೂ ಅದೇ ಅರ್ಥ.

ಮೊದಲೇ ಬರೆದಿಟ್ಟ ಹಿಮಟೋಕ್ರಿಟ್ ಈಗ ನೆರವಿಗೆ ಬರುತ್ತದೆ. ಎರಡನೆಯ ದಿನ 42 ಇದ್ದದ್ದು ಐದನೆಯ ದಿನ 51 ಆದರೆ ಶೇ 20ಕ್ಕಿಂತ ಹೆಚ್ಚು ಏರಿಕೆ, ಅಂದರೆ ನೀರು ಸೋರಿ ರಕ್ತ ಗಟ್ಟಿಯಾಗಿದೆ. ಮೊದಲ ಅಂಕೆ ಇಲ್ಲದಿದ್ದರೆ 51ನ್ನು ಗಂಡಸಿಗೆ ಸಹಜವೆಂದು ಬದಿಗಿಡುವ ಅಪಾಯವಿದೆ. ಹಿಮಟೋಕ್ರಿಟ್ ಇಳಿಯುತ್ತಿದ್ದೂ ರೋಗಿಯ ಸ್ಥಿತಿ ಹದಗೆಡುತ್ತಿದ್ದರೆ ಒಳಗೆಲ್ಲೋ ರಕ್ತಸ್ರಾವವಾಗುತ್ತಿದೆ.

ಆಸ್ಪತ್ರೆಯಲ್ಲಿ ಏನಾಗುತ್ತದೆ

ಅಪಾಯದ ಸೂಚನೆಗಳಿರುವ, ಆದರೆ ಆಘಾತಕ್ಕೆ ಹೋಗದ ವಯಸ್ಕರಿಗೆ ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟನ್ನು ಮೊದಲ ಒಂದೆರಡು ಗಂಟೆ ತೂಕದ ಪ್ರತಿ ಕಿಲೋಗೆ ಗಂಟೆಗೆ 5ರಿಂದ 7 ಮಿಲಿಲೀಟರ್, ಮುಂದಿನ ಎರಡರಿಂದ ನಾಲ್ಕು ಗಂಟೆ 3ರಿಂದ 5, ಆಮೇಲೆ 2ರಿಂದ 3ಕ್ಕೆ ಇಳಿಸುವುದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯ ಕ್ರಮ. ಆಘಾತವಿದ್ದರೆ ಮೊದಲ ಗಂಟೆಯ ಪ್ರಮಾಣ ಇನ್ನೂ ಹೆಚ್ಚು. ಪ್ರತಿ ಹಂತದಲ್ಲೂ ನಾಡಿ, ಒತ್ತಡದ ಅಂತರ, ಮೂತ್ರ, ಹಿಮಟೋಕ್ರಿಟ್ ನೋಡಿ ಮುಂದಿನ ಪ್ರಮಾಣ ನಿರ್ಧರಿಸಬೇಕು. ಒಂದೇ ವೇಗದಲ್ಲಿ ದಿನವಿಡೀ ಹನಿಯುವ ಬಾಟಲಿ ಚಿಕಿತ್ಸೆಯಲ್ಲ.

ಹೆಚ್ಚು ಕೊಡುವುದೂ ಅಪಾಯವೇ. ಸೋರಿದ ನೀರು ಎರಡು ದಿನದ ಮೇಲೆ ತಾನಾಗಿ ರಕ್ತನಾಳಕ್ಕೆ ಮರಳುತ್ತದೆ. ಆ ಹೊತ್ತಿಗೂ ಡ್ರಿಪ್ ನಡೆದಿದ್ದರೆ ಶ್ವಾಸಕೋಶ ತುಂಬಿಕೊಂಡು ಉಸಿರಾಟ ಕಷ್ಟವಾಗುತ್ತದೆ. "ಬಾಟಲಿ ಯಾಕೆ ನಿಲ್ಲಿಸಿದಿರಿ" ಎಂದು ವೈದ್ಯರೊಡನೆ ಜಗಳವಾಡುವ ಬಂಧುಗಳು ಇದನ್ನು ಗಮನಿಸಬೇಕು.

ಪ್ಲೇಟ್‌ಲೆಟ್ ಸಂಖ್ಯೆಯ ಮೇಲಿನ ನಮ್ಮ ಗೀಳು ಕಾಯಿಲೆಯಷ್ಟೇ ವ್ಯಾಪಕವಾಗಿದೆ. ಬೆಳಿಗ್ಗೆ 38,000, ಸಂಜೆ 31,000 ಎಂದು ಮೂರು ವಾಟ್ಸ್‌ಆ್ಯಪ್ ಗುಂಪುಗಳಿಗೆ ಸುದ್ದಿ ಹೋಗಿ, ದಾನಿಗಳ ಹುಡುಕಾಟ ಶುರುವಾಗುತ್ತದೆ. ರಕ್ತಸ್ರಾವವಿಲ್ಲದಿದ್ದರೆ ಅಂಕೆ ನೋಡಿ ಮಾತ್ರ ಪ್ಲೇಟ್‌ಲೆಟ್ ಕೊಡುವುದರಿಂದ ಲಾಭವಿಲ್ಲ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 20,000 ಅಥವಾ ಅದಕ್ಕಿಂತ ಕಡಿಮೆಯಿದ್ದ ವಯಸ್ಕರಿಗೆ ಮುಂಜಾಗ್ರತೆಯಾಗಿ ಕೊಟ್ಟರೂ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮಗಳೇ ಹೆಚ್ಚಾದವು. ಭಾರತದ ರಾಷ್ಟ್ರೀಯ ಮಾರ್ಗಸೂಚಿಯೂ ರಕ್ತಸ್ರಾವವಿಲ್ಲದವರಲ್ಲಿ 10,000ದ ಕೆಳಗೆ ಇಳಿದಾಗ ಮಾತ್ರ ಯೋಚಿಸಬಹುದೆನ್ನುತ್ತದೆ.

ಔಷಧವಿಲ್ಲದೆ 48 ಗಂಟೆ ಜ್ವರವಿಲ್ಲದೆ, ಡ್ರಿಪ್ ಇಲ್ಲದೆಯೇ ಹಿಮಟೋಕ್ರಿಟ್ ಸ್ಥಿರವಾಗಿ, ಪ್ಲೇಟ್‌ಲೆಟ್ ಏರುಮುಖವಾಗಿ, ಹಸಿವು ಮೂತ್ರ ಸರಿಯಾದರೆ ಮನೆಗೆ ಕಳಿಸುತ್ತಾರೆ.

ಚೇತರಿಕೆಯ ದಿನಗಳು ಮತ್ತು ಮುಂದಿನ ಪ್ರಯಾಣ

ಅಪಾಯ ಕಳೆದ ಮೇಲೆ ಕಾಲುಗಳ ಮೇಲೆ ಕೆಂಪು ಹರಡಿ ನಡುನಡುವೆ ಬಿಳಿ ದ್ವೀಪಗಳಂತೆ ಚರ್ಮ ಉಳಿಯುವ ದದ್ದು ಏಳಬಹುದು, ಅಂಗೈ ಅಂಗಾಲು ವಿಪರೀತ ತುರಿಸಬಹುದು. ಇದು ಒಳ್ಳೆಯ ಚಿಹ್ನೆ. ಆಯಾಸ ಮಾತ್ರ ವಾರಗಟ್ಟಲೆ ಕಾಡುತ್ತದೆ.

ಜ್ವರದ ಮೊದಲ ವಾರ ರೋಗಿಯನ್ನು ಕಚ್ಚಿದ ಸೊಳ್ಳೆ ಬೇರೆಯವರಿಗೆ ಡೆಂಗಿ ತರಬಲ್ಲದು. ಹಗಲಿನಲ್ಲಿ ಕಚ್ಚುವ ಸೊಳ್ಳೆಯಾದ್ದರಿಂದ ಹಗಲೂ ಪರದೆ ಬೇಕು. ಇದು ಮಂಡ್ಯಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ. ಡೆಂಗಿ ಹರಡಬಲ್ಲ ಈಡಿಸ್ ಆಲ್ಬೊಪಿಕ್ಟಸ್ ಎಂಬ ಸೊಳ್ಳೆ ಈಗ ಇಟಲಿ, ಫ್ರಾನ್ಸಿನ ದಕ್ಷಿಣದಲ್ಲೂ ನೆಲೆಸಿದೆ, ಅಲ್ಲಿ ಊರು ಬಿಡದವರಿಗೂ ಡೆಂಗಿ ಬಂದಿದೆ. 2014ರಲ್ಲಿ ಟೋಕಿಯೊದ ಯೊಯೊಗಿ ಉದ್ಯಾನದ ಸುತ್ತ ಕಾಣಿಸಿಕೊಂಡ ಡೆಂಗಿ ಸುಮಾರು 160 ಮಂದಿಗೆ ತಗುಲಿತು.

ಒಮ್ಮೆ ಡೆಂಗಿ ಆದವರು ಮುಂದಿನ ವರ್ಷ ಊರಿಗೆ ಹೊರಡುವ ಮುನ್ನ ಲಸಿಕೆಯ ಬಗ್ಗೆ ತಮ್ಮ ವೈದ್ಯರನ್ನು ಕೇಳಬಹುದು. ಮೂರು ತಿಂಗಳ ಅಂತರದಲ್ಲಿ ಎರಡು ಡೋಸ್ ಕೊಡುವ ಕ್ಯೂಡೆಂಗಾ ಲಸಿಕೆಗೆ 2022ರ ಡಿಸೆಂಬರ್‌ನಲ್ಲಿ ಯುರೋಪ್ ಒಕ್ಕೂಟದ ಅನುಮತಿ ಸಿಕ್ಕಿದೆ. ಜುಲೈನ ಪ್ರಯಾಣಕ್ಕೆ ಎರಡೂ ಡೋಸ್ ಮುಗಿಯಬೇಕಾದರೆ ಮೊದಲನೆಯದನ್ನು ಮಾರ್ಚ್ ಹೊತ್ತಿಗೇ ಹಾಕಿಸಿಕೊಳ್ಳಬೇಕು. ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆಯಾದ್ದರಿಂದ ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ಕುಂದಿದವರಿಗೂ ಕೊಡುವುದಿಲ್ಲ. ಅಜ್ಜಿಮನೆಗೆ ಮುಟ್ಟಿದ ಮೊದಲ ದಿನವೇ ಹಿತ್ತಿಲಿಗೆ ಒಂದು ಸುತ್ತು ಹಾಕಿ ತೆಂಗಿನ ಚಿಪ್ಪು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಮುಚ್ಚಳವಿಲ್ಲದ ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ ಇವುಗಳಲ್ಲಿ ನಿಂತ ನೀರನ್ನು ಚೆಲ್ಲಿ, ಒಂದು ವಾರ ಕಳೆಯುವುದರೊಳಗೆ ಮತ್ತೊಮ್ಮೆ ಚೆಲ್ಲಿ. ಮೊಟ್ಟೆ ಒಡೆದು ಸೊಳ್ಳೆಯಾಗಿ ಹಾರಲು ಅದಕ್ಕೆ ಬೇಕಾಗುವುದು ಏಳರಿಂದ ಹತ್ತು ದಿನ.